ಉಲ್ಟಾ ಸುತ್ತಿದ ಅವರೆ ಬಳ್ಳಿ

ಗಿಡಗಳ ಚಿತ್ರ ಕೂಡಿಹಾಕುವ ಹವ್ಯಾಸ ನನಗಿದೆ ಎಂದರೆ ರಾಯಚೂರಿನ ಜನ ಕೇಳುವುದು ಒಂದೇ ಪ್ರಶ್ನೆ: 'ಯಾತಕ್ಕ ಬರ್ತಾವ್ರೀ ಅವು?' ಅಂಚೆಚೀಟಿ ಕೂಡಿಹಾಕುವವನನ್ನು ಯಾರೂ ಹೀಗೆ ಕೇಳುವುದಿಲ್ಲ. ಮೊದಮೊದಲು ತಾಳ್ಮೆಯಿಂದ ವಿವರಿಸುತ್ತಿದ್ದೆ. ಈಗ 'ಯಾತಕ್ಕೂ ಬರಂಗಿಲ್ರಿ' ಎಂದು ಮುಂದೆ ಹೋಗುತ್ತೇನೆ.

ನನ್ನ ಹತ್ತಿರ ಇರುವವು ದೊಡ್ಡ ಕಲಾವಿದರ ಚಿತ್ರಗಳೇನಲ್ಲ. ಬಿ.ಎಸ್ಸಿ. ಓದಿದವರ ಹಳೆಯ ಸಸ್ಯಶಾಸ್ತ್ರ ರೆಕಾರ್ಡ್ ಪುಸ್ತಕಗಳ ಹಾಳೆಗಳು. ರೆಕಾರ್ಡಿನಲ್ಲಿ ಒಂದು ಪುಟಕ್ಕೆ ಗೆರೆ ಇರುತ್ತದೆ, ಎದುರಿನ ಪುಟ ಖಾಲಿ. ಗೆರೆಯ ಪುಟದಲ್ಲಿ ಗಿಡದ ವಿವರ, ಖಾಲಿ ಪುಟದಲ್ಲಿ ಪೆನ್ಸಿಲಿನಲ್ಲಿ ಬಿಡಿಸಿದ ಗಿಡ, ಕೆಳಗೆ ಅಧ್ಯಾಪಕರ ಸಹಿ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಅಟ್ಟ ಸೇರುತ್ತದೆ, ಮನೆ ಬದಲಿಸುವಾಗ ರದ್ದಿ ಅಂಗಡಿ ಸೇರುತ್ತದೆ. 'ದಪ್ಪ ಕಾಗದ ಸಾಬ್, ಮಿರ್ಚಿ ಕಟ್ಟಾಕೂ ಬರಂಗಿಲ್ಲ' ಎಂದು ಮಾನವಿ ಬಸ್ ನಿಲ್ದಾಣದ ಹತ್ತಿರದ ರದ್ದಿಯವನು ಪ್ರತಿ ಸಲವೂ ಹೇಳುತ್ತಾನೆ. ಹೇಳುತ್ತಲೇ ನನಗಾಗಿ ಒಂದು ಮೂಲೆಯಲ್ಲಿ ಎತ್ತಿಟ್ಟಿರುತ್ತಾನೆ.

ನೂರು ಪುಟ ತಿರುವಿದರೆ ತೊಂಬತ್ತೈದು ಚಿತ್ರ ಸತ್ತಂತಿರುತ್ತವೆ. ಉಳಿದ ಐದರಲ್ಲಿ ಯಾರೋ ನಿಜವಾಗಿ ಗಿಡ ನೋಡಿದ್ದಾರೆಂದು ಗೊತ್ತಾಗುತ್ತದೆ. ಉತ್ತರಾಣಿಯ ಕಾಯಿ ಕಡ್ಡಿಗೆ ಒತ್ತಿಕೊಂಡು ಕೆಳಮುಖವಾಗಿ ನಿಂತ ರೀತಿ, ಎಕ್ಕೆಯ ಎಲೆಯ ಹಿಂಬದಿಯ ಬೂದಿ ಬಣ್ಣ ಪೆನ್ಸಿಲಿನಲ್ಲಿ ಬಂದದ್ದು. ಅಂಥ ಹಾಳೆಯನ್ನು ಬ್ಲೇಡಿನಿಂದ ಬಿಡಿಸಿಕೊಂಡು ಗಾಜಿನ ಕಟ್ಟು ಹಾಕಿಸುತ್ತೇನೆ. ಅದರಲ್ಲೂ ಗೋಳು. ಒಮ್ಮೆ ಕಟ್ಟು ಹಾಕುವವನು ತಂಗಡಿ ಹೂವಿನ ಒಂದು ಅಪರೂಪದ ಹಾಳೆಯನ್ನು ಗೋಂದು ಬಳಿದು ಪ್ಲೈವುಡ್ಡಿಗೆ ಅಂಟಿಸಿ, 'ಇನ್ನ ನೂರು ವರ್ಷ ಅಲ್ಲಾಡಂಗಿಲ್ಲ ತಗೋರಿ' ಎಂದು ಕೊಟ್ಟಿದ್ದ.

ಹೋದ ವರ್ಷ ನಾನು ಓದಿದ ಕಾಲೇಜಿನವರು ನನ್ನ ಸಂಗ್ರಹದ ಹನ್ನೆರಡು ಚಿತ್ರಗಳನ್ನು ಪಡಸಾಲೆಯಲ್ಲಿ ತೂಗುಹಾಕುತ್ತೇವೆ ಎಂದರು. ಪ್ರತಿ ಚಿತ್ರದ ಕೆಳಗೂ ಒಂದು ಚೀಟಿ: ಯಾವ ಗಿಡ, ಯಾರು ಬಿಡಿಸಿದ್ದು, ಹೇಗೆ. ಮೊದಲನೆಯ ಚಿತ್ರ ಯಾವುದೆಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಅದು ನನ್ನದೇ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಬಿಡಿಸಿದ ಅವರೆ ಬಳ್ಳಿ. ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ್ದರು. ಎಂ.ಎಸ್ಸಿ. ಮಾಡಿ ಹೊಟ್ಟೆಪಾಡಿಗೆ ವಿಮಾ ಕಚೇರಿ ಸೇರಿದ ಮೇಲೂ ಗಿಡದ ಚಿತ್ರಗಳ ಹಿಂದೆ ಓಡಾಡಿದ್ದಕ್ಕೆ ಆ ಒಂದು ಹಾಳೆಯೇ ಕಾರಣ. ಮಾನವಿಯ ನಮ್ಮ ಮನೆಯ ಹಿತ್ತಿಲಲ್ಲಿ ಕೂತು, ಬಳ್ಳಿಯನ್ನು ಎದುರಿಗೆ ಇಟ್ಟುಕೊಂಡು, ಎರಡು ಮಧ್ಯಾಹ್ನ ಬಿಡಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಹಾಗೆಂದೇ ಚೀಟಿ ಬರೆದೆ.

ಚಿತ್ರವನ್ನು ಮುಂದಿಟ್ಟುಕೊಂಡು ಬರೆಯುವಾಗ ಹೆಂಡತಿ ಮಾಳಿಗೆಯಿಂದ ಇಳಿದು ಬಂದಳು. ಮೇಲೆ ಡಬ್ಬಿಗಳಲ್ಲಿ ಅವರೆ ಹಬ್ಬಿಸಿದ್ದಾಳೆ, ಮಡಿಲಲ್ಲಿ ಕಾಯಿ ಇದ್ದವು.

'ರೀ, ಇದು ಯಾವ ಊರಿನ ಅವರಿ?'

'ಯಾಕ?'

'ಮ್ಯಾಲ ಇರೋದು ಈ ಕಡಿ ಸುತ್ತತದ. ನಿಮ್ಮದು ಆ ಕಡಿ ಸುತ್ಯಾದ.'

'ಬಳ್ಳಿ ಎತ್ತ ಬೇಕಾದ್ರ ಸುತ್ತತದ. ಸುಮ್ಮನ ಹೋಗು.'

'ಆಗಲಿ ಬಿಡ್ರಿ. ನಾ ಬಿ.ಕಾಂ., ನನಗೇನು ತಿಳೀತದ.'

ಬಳ್ಳಿ ಎತ್ತ ಬೇಕಾದರೆ ಅತ್ತ ಸುತ್ತುವುದಿಲ್ಲ. ಅದು ಗೊತ್ತಿದ್ದೂ ಹಾಗೆ ಹೇಳಿದೆ. ಅವರೆ ಬಳ್ಳಿ ಕೋಲನ್ನು ಹತ್ತುವಾಗ, ಎದುರಿಗೆ ನಿಂತು ನೋಡಿದರೆ, ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತದೆ. ನನ್ನ ಚಿತ್ರದಲ್ಲಿ ಬಲದಿಂದ ಎಡಕ್ಕೆ ಏರಿತ್ತು. ಇಪ್ಪತ್ತೈದು ವರ್ಷಕ್ಕೂ ಮೇಲಿಂದ ಮನೆಯ ಗೋಡೆಯ ಮೇಲಿದ್ದ ಚಿತ್ರ. ಬೇರೆಯವರ ರೆಕಾರ್ಡುಗಳಲ್ಲಿ ಕೇಸರ ಎಣಿಸಿ ತಪ್ಪು ಹಿಡಿಯುವ ನಾನು ಇದನ್ನು ನೋಡಿರಲಿಲ್ಲ.

ಎಲ್ಲೋ ಒಂದು ಗಿಡವಾದರೂ ಉಲ್ಟಾ ಸುತ್ತಿರಬೇಕೆಂದು ಆ ವಾರವೆಲ್ಲ ಬಳ್ಳಿ ನೋಡುತ್ತ ತಿರುಗಿದೆ. ಕಂಡವರ ಕಂಪೌಂಡಿಗೆ ಬಗ್ಗಿ ನೋಡಿ ಒಬ್ಬ ಮುದುಕಿಯಿಂದ 'ಕಾಯಿ ಬೇಕಾದ್ರ ಕೇಳಿ ಹರಕೋರಿ' ಎಂದೂ ಅನ್ನಿಸಿಕೊಂಡೆ. ಮಾಳಿಗೆಯ ಮೇಲೆ ಒಂದು ಎಳೆಯ ಕುಡಿಯನ್ನು ಬಿಡಿಸಿ, ನನ್ನ ಚಿತ್ರದಂತೆ ತಿರುಗಿಸಿ ಕೋಲಿಗೆ ಸುತ್ತಿ ದಾರ ಕಟ್ಟಿದೆ. ಮರುದಿನ ಅದು ದಾರದ ಮೇಲಿಂದಲೇ ತಪ್ಪಿಸಿಕೊಂಡು ತನ್ನ ದಿಕ್ಕು ಹಿಡಿದಿತ್ತು.

ಹಿತ್ತಿಲಿನ ಬಳ್ಳಿಯನ್ನು ಇನ್ನೊಬ್ಬರಾದರೂ ನೋಡಿರುತ್ತಾರಲ್ಲ ಎಂದು ಮಾನವಿಗೆ ಹೋದೆ. ನಮ್ಮದು ಅಕ್ಕಿ ಮಿಲ್ಲಿನವರ ಮನೆ. ಈಗ ಅಣ್ಣ ಮಿಲ್ಲು ನೋಡಿಕೊಳ್ಳುತ್ತಾನೆ.

'ನಮ್ಮ ಹಿತ್ತಲದಾಗ ಅವರಿ ಇತ್ತಲ್ಲ?' ಎಂದೆ.

'ಯಾವಾಗ?'

'ನಾ ಬಿ.ಎಸ್ಸಿ. ಓದುವಾಗ.'

'ತಮ್ಮಾ, ಹಿತ್ತಲದಾಗ ಮಿಲ್ಲಿನ ಹೊಟ್ಟು ಬೀಳತಿತ್ತು, ಆಳೆತ್ತರ. ಅಲ್ಲಿ ಅವರಿ ಎಲ್ಲಿಂದ ಬರಬೇಕು?'

'ಬೇಲಿ ಕಡಿಗೆ ಇತ್ತು. ನಾ ಅಲ್ಲೇ ಕುಂತು ಚಿತ್ರ ತಗದೀನಿ. ಅವ್ವ ಒಳಗಿಂದ ಕೂಗಾಕತ್ತಿದ್ದಳು.'

'ಅವ್ವ ಕೂಗಿರಬೇಕು. ಅಕಿ ಯಾವಾಗ ಕೂಗತಿರಲಿಲ್ಲ? ಹಿರೇಕೊಟ್ನೆಕಲ್ ಹೊಲದಾಗ ತೊಗರಿ ಸಾಲಿನಾಗ ಅವರಿ ಇತ್ತು. ನೀ ಹೊಲಕ್ಕ ಯಾವತ್ತ ಬಂದಿ?' ಅವನು ಚಹಾ ತರಿಸಿದ. 'ಒಂದು ಕಾಯಿಪಲ್ಲೆ ಸಲುವಾಗಿ ಬಸ್ ಹತ್ತಿ ಬಂದಿಯಲ್ಲೋ. ಕಚೇರಿಯಾಗ ಕೆಲಸ ಇಲ್ಲೇನು?'

ಹಿಂದಿರುಗುವಾಗ ಹೊಟ್ಟಿನ ರಾಶಿಯೂ ನೆನಪಾಗತೊಡಗಿತು. ಅದರ ಮೇಲೆ ಜಾರಿ ಆಡಿದ್ದು, ಮೈ ತುರಿಸಿದ್ದು. ಎರಡೂ ಒಂದೇ ಜಾಗದಲ್ಲಿ ಇರಲು ಸಾಧ್ಯವಿಲ್ಲ. ಯಾವುದು ನಿಜವಾದ ನೆನಪು, ಯಾವುದು ಅಣ್ಣ ಹೇಳಿದ ಮೇಲೆ ಹುಟ್ಟಿದ್ದು ಎಂದು ಹೇಳಲು ನನಗಾಗಲಿಲ್ಲ.

ಇನ್ನು ಉಳಿದದ್ದು ಒಬ್ಬರೇ, ಅವರನ್ನು ಕೇಳಲು ನನಗೆ ಮನಸ್ಸಿರಲಿಲ್ಲ. ನನ್ನ ತರಗತಿಯಲ್ಲಿದ್ದ ಗಬ್ಬೂರಿನವರು, ಕೂಲಿ ಮಾಡುವವರ ಮನೆಯಿಂದ ಕಾಲೇಜಿಗೆ ಬಂದ ಮೊದಲನೆಯವರು. ರಾಯಚೂರಿನ ಹಾಸ್ಟೆಲಿನಲ್ಲಿದ್ದರು. ಈಗ ದೇವದುರ್ಗದಲ್ಲಿ ಪಿಯು ಕಾಲೇಜಿನ ಉಪನ್ಯಾಸಕಿ. ಅವರ ರೆಕಾರ್ಡಿನಲ್ಲೂ ನನ್ನಂಥದೇ ಅವರೆ ಬಳ್ಳಿ ಇತ್ತು, ನನ್ನ ರೆಕಾರ್ಡ್ ಒಯ್ದು ನೋಡಿ ಬಿಡಿಸಿದ್ದರು ಎಂಬುದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಕಥೆ. ದೂರಿನಂತೆ ಹೇಳುತ್ತಿರಲಿಲ್ಲ, ನಗುತ್ತ, ದೊಡ್ಡ ಮನಸ್ಸಿನವನಂತೆ ಹೇಳುತ್ತಿದ್ದೆ. ಮದುವೆಯ ಪಂಕ್ತಿಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ. ಚೀಟಿಯಲ್ಲಿ ನನ್ನ ಹೆಸರು ಅಚ್ಚಾಗುವ ಮುಂಚೆ ಆ ಕಥೆ ನಿಜವೋ ಸುಳ್ಳೋ ಗೊತ್ತಾಗಬೇಕಿತ್ತು.

ಕಟ್ಟು ಹಾಕಿದ ಚಿತ್ರವನ್ನು ಹಳೆಯ ಚಾದರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ದೇವದುರ್ಗದ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ: 'ಯಾವ ದೇವರ ಫೋಟೋರೀ?'

'ಅವರಿ ಬಳ್ಳಿ.'

ಅವನು ನನ್ನನ್ನು ಒಂದು ಸಲ ನೋಡಿದ. 'ಗಾಜು ಒಡದ್ರ ನಮ್ಮ ಜವಾಬ್ದಾರಿ ಅಲ್ಲ ನೋಡ್ರಿ' ಎಂದು ಮುಂದೆ ಹೋದ. ಗಬ್ಬೂರಿನಲ್ಲಿ ಹತ್ತಿದವರೊಬ್ಬರು ಅದರ ಮೇಲೆ ಹಸಿಮೆಣಸಿನಕಾಯಿ ಚೀಲ ಇಡಲು ನೋಡಿದರು. ದೇವದುರ್ಗದವರೆಗೆ ಅವರೊಂದಿಗೆ ವಾದ.

ಆಕೆ ಜಗಲಿಯ ಮೇಲೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು.

'ಬರ್ರಿ, ಡಿಸ್ಟಿಂಕ್ಷನ್ ಸಾಹೇಬ್ರು ಬಂದ್ರಲ್ಲ. ಕುಂದರ್ರಿ.'

ಚಾದರ ಬಿಚ್ಚಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. 'ಕಟ್ಟು ಚಲೋ ಹಾಕಿಸೀರಿ' ಎಂದರು.

'ಒಂದು ಮಾತು ಕೇಳಬೇಕಿತ್ತು. ಆಗ ನೀವು ನನ್ನ ರೆಕಾರ್ಡ್ ಒಯ್ದಿದ್ರಿ. ನೆನಪದ ಏನು?'

'ಇದು ಕೇಳಾಕತ್ತೀರೋ, ಹೇಳಾಕತ್ತೀರೋ?'

'ಕೇಳಾಕತ್ತೀನಿ.'

'ಹಂಗಾದ್ರ ತಡೀರಿ.'

ಒಳಗೆ ಟ್ರಂಕು ಎಳೆದ ಸದ್ದಾಯಿತು. ಸೀರೆಯ ತುಂಡಿನಲ್ಲಿ ಸುತ್ತಿದ್ದ ರೆಕಾರ್ಡ್ ತಂದು, ಪುಟ ಹುಡುಕದೆ ನೇರವಾಗಿ ತೆರೆದರು. ಅವರೆ ಬಳ್ಳಿ. ನನ್ನದೇ ಬಳ್ಳಿ, ಕನ್ನಡಿಯಲ್ಲಿ ನೋಡಿದಂತೆ. ಕೋಲನ್ನು ಸರಿಯಾದ ದಿಕ್ಕಿಗೆ ಹತ್ತಿತ್ತು. ಕೆಳಗಿನ ಎಲೆಯಲ್ಲಿ, ಮೂರು ದಳಗಳ ಪೈಕಿ ಬಲಗಡೆಯದಕ್ಕೆ, ಹುಳ ತಿಂದ ಒಂದು ತೂತು. ನನ್ನ ಚಿತ್ರದಲ್ಲೂ ಅದೇ ತೂತು ಇದೆ, ಎಡಗಡೆಯ ದಳಕ್ಕೆ. ಗಿಡವನ್ನು ಎದುರಿಗೆ ಇಟ್ಟುಕೊಂಡು ಬಿಡಿಸಿದ್ದಕ್ಕೆ ಇದೇ ಸಾಕ್ಷಿ ಎಂದು ಆ ತೂತನ್ನು ಎಷ್ಟೋ ಜನಕ್ಕೆ ಬೆರಳಿಟ್ಟು ತೋರಿಸಿದ್ದೆ.

'ಹಾಸ್ಟೆಲ್ ಬೇಲಿ ಮ್ಯಾಲಿನ ಬಳ್ಳಿ' ಎಂದರು. 'ಆ ತೂತು ಬಿಡಸೂಣೋ ಬ್ಯಾಡೋ ಅಂತ ಒಂದು ದಿನ ವಿಚಾರ ಮಾಡೀನಿ. ನೀವು ವಿಚಾರ ಮಾಡದಽ ಬಿಡಿಸಿದ್ರಿ.'

'ಆದ್ರ ಇದು ಉಲ್ಟಾ ಹೆಂಗ ಬಂತು?'

'ಬಟರ್ ಪೇಪರ್ರೀ. ಮರತ್ರೇನು?'

ಮರೆತಿರಲಿಲ್ಲ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮೂಲ ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು ಮೆತ್ತನೆಯ ಪೆನ್ಸಿಲಿನಿಂದ ಗೆರೆ ಎತ್ತಿಕೊಳ್ಳುವುದು. ಆಮೇಲೆ ಕಾಗದ ಮಗುಚಿ ಹಿಂಬದಿಯಿಂದಲೂ ಅದೇ ಗೆರೆ ತಿದ್ದಿ, ಮತ್ತೆ ಮೊದಲಿನ ಬದಿ ಮೇಲಾಗುವಂತೆ ತನ್ನ ರೆಕಾರ್ಡಿನ ಮೇಲೆ ಇಟ್ಟು ಚಮಚದಿಂದ ಉಜ್ಜುವುದು. ಅವಸರದವರು ಹಿಂಬದಿ ತಿದ್ದುವ ಕೆಲಸ ಬಿಟ್ಟು, ಮೊದಲಿನ ಗೆರೆಯನ್ನೇ ಬೋರಲು ಹಾಕಿ ಉಜ್ಜಿಬಿಡುತ್ತಿದ್ದರು. ಆಗ ಚಿತ್ರ ಎಡಬಲ ಅದಲುಬದಲಾಗುತ್ತಿತ್ತು. ತುಂಬೆಗೋ ತುಳಸಿಗೋ ಹಾಗೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಬಳ್ಳಿಗೆ ಮಾಡಬಾರದು.

'ಎರಡು ದಿನ ಅಂತ ಒಯ್ದ್ರಿ' ಎಂದರು. 'ಎಂಟು ದಿನ ಇಟಗೊಂಡ್ರಿ. ನಿಮ್ಮದಕ್ಕ ಸಹಿ ಆದ ಮ್ಯಾಲ ನನ್ನದು ಕೊಟ್ರಿ.'

ಆಗ ಪುಟದ ಕೆಳಗೆ ನೋಡಿದೆ. ಅಧ್ಯಾಪಕರ ಸಹಿ ಇರಬೇಕಾದ ಕಡೆ ಸಹಿ ಇರಲಿಲ್ಲ. ಇನ್ನೊಬ್ಬರ ರೆಕಾರ್ಡ್ ನೋಡಿ ಬಿಡಿಸಬಾರದು, ಮತ್ತೆ ಬಿಡಿಸಿ ತರಬೇಕು ಎಂದು ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು.

'ಸರ್ ನನ್ನ ಕೇಳಲಿಲ್ಲಲ್ಲ' ಎಂದೆ.

'ನಿಮ್ಮನ್ನ ಯಾಕ ಕೇಳತಾರ? ನಿಮ್ಮದು ಮೊದಲ ಬಂದಿತ್ತು. ಮ್ಯಾಲ ಮಿಲ್ಲಿನವರ ಮನಿ ಹುಡುಗ.'

'ನೀವಾದ್ರೂ ಹೇಳಬೇಕಿತ್ತು.'

'ಹೇಳಿದೆ. ಬಳ್ಳಿ ಬೇಲಿ ಮ್ಯಾಲ ಅದ, ಬಂದು ನೋಡ್ರಿ ಸರ ಅಂದೆ.'

'ಬಂದ್ರೇನು?'

'ಬಿಸಲಿತ್ತು.' ಅವರು ಕನ್ನಡಕ ತೆಗೆದು ಒರೆಸಿಕೊಂಡರು. 'ಮತ್ತ ಬಿಡಿಸಿಕೊಂಡು ಬಾ ಅಂದ್ರು. ನಾ ಬಿಡಸಲಿಲ್ಲ. ಒಂದು ಹಾಳಿದು ಮಾರ್ಕ್ಸ್ ಹೋತು, ಹೋಗಲಿ. ನೀವು ಊರೂರಿಗೆ ನಾನು ನಿಮ್ಮದು ನೋಡಿ ಬಿಡಿಸಿದೆ ಅಂತ ಹೇಳಿದ್ದು ಮಾತ್ರ ನನ್ನ ಕಿವೀಗೂ ಬಂದದ. ನಿಮ್ಮ ದೋಸ್ತರ ಮಕ್ಕಳು ನನ್ನ ಕ್ಲಾಸಿನಾಗ ಕುಂದರ್ತಾರ.'

ತಪ್ಪಾಯಿತು ಎಂದೆ. ಆಮೇಲೆ, ಸಂಗ್ರಹ ಮಾಡುವವನ ಬುದ್ಧಿ ಬಿಡಬೇಕಲ್ಲ, ನನ್ನದರ ಬದಲು ನಿಮ್ಮ ಹಾಳೆಯನ್ನೇ ಪಡಸಾಲೆಯಲ್ಲಿ ಹಾಕಿಸುತ್ತೇನೆ, ಕೊಡಿ ಎಂದೆ.

'ನೀವು ಬ್ಲೇಡ್ ಹಚ್ಚಿ ಹಾಳಿ ತಗೀತೀರಂತಲ್ಲ' ಎಂದು ರೆಕಾರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು. 'ಇದು ಇಲ್ಲೇ ಇರತದ. ನೀವು ನಿಮ್ಮದಽ ಹಾಕ್ರಿ. ಏನಂತ ಬರೀತೀರಿ ನೋಡೂಣು.'

ನನ್ನ ಜೇಬಿನಲ್ಲಿದ್ದ ಚೀಟಿಯ ಹಿಂಬದಿಗೆ ಬರೆದೆ: 'ಅವರೆ ಬಳ್ಳಿ. ಸಹಪಾಠಿಯೊಬ್ಬರ ಚಿತ್ರದಿಂದ ಪ್ರೇರಿತ.'

ಅವರು ಕೆಂಪು ಪೆನ್ನಿನಿಂದ 'ಪ್ರೇರಿತ' ಹೊಡೆದುಹಾಕಿ ಮೇಲೆ 'ನಕಲು' ಎಂದು ಬರೆದರು. 'ಸಹಪಾಠಿಯೊಬ್ಬರ' ಎಂಬುದರ ಕೆಳಗೆ ಗೆರೆ ಎಳೆದು, 'ಅವರಿಗೆ ಹೆಸರಿಲ್ಲೇನು?' ಎಂದು ಕೇಳಿದರು. ತಿದ್ದಿ ಬರೆದೆ. ಹೆಸರು, ಊರು, ಮೂಲ ಚಿತ್ರ ಅವರ ಬಳಿಯೇ ಇದೆ ಎಂಬುದು. ಅವರು ಓದಿ, ಕೊನೆಗೆ ತಾವೇ ಒಂದು ಸಾಲು ಸೇರಿಸಿದರು: 'ಬಳ್ಳಿ ತಪ್ಪು ದಿಕ್ಕಿಗೆ ಸುತ್ತಿದೆ. ಹೊರಗೆ ಹೋಗಿ ಗಿಡ ನೋಡಿ.' ತಿದ್ದಿದ ಉತ್ತರಪತ್ರಿಕೆಗೆ ಹಾಕುವಂತೆ ಕೆಳಗೆ ಸಹಿ ಹಾಕಿ ಕೊಟ್ಟರು.

ಕಾಲೇಜಿನವರು ಫೋನ್ ಮಾಡಿದರು. 'ನಕಲು ಅಂತ ಹೆಂಗ ಹಾಕೂದ್ರೀ ಸರ? ನಮ್ಮ ಕಾಲೇಜಿನ ಮಾನ ಏನಾಗಬೇಕು? ಪ್ರೇರಿತ ಅಂತ ಮಾಡೂಣಲ್ಲ.' ಆ ಶಬ್ದ ಅವರಿಗೂ ಹೇಗೆ ಹೊಳೆಯಿತೋ. ಈ ಚೀಟಿಯೇ ಬೇಕು, ಟೈಪು ಮಾಡಿದ್ದಲ್ಲ, ಕೆಂಪು ಶಾಯಿಯದೇ ಬೇಕು, ಇಲ್ಲದಿದ್ದರೆ ಹನ್ನೆರಡೂ ಚಿತ್ರ ವಾಪಸ್ ಕೊಡಿ ಎಂದೆ. ಮೂರು ದಿನ ಎಳೆದಾಡಿ ಒಪ್ಪಿದರು. ಮೊದಲನೆಯ ಜಾಗ ಕೊಡಲಿಲ್ಲ. ಪಡಸಾಲೆಯ ಕೊನೆಗೆ, ಕುಡಿಯುವ ನೀರಿನ ನಲ್ಲಿಯ ಮೇಲೆ ಮೊಳೆ ಹೊಡೆದರು. ನೀರು ಕುಡಿಯಲು ಬಂದವರೆಲ್ಲ ಬಗ್ಗಿ ಏಳುವಾಗ ಅದನ್ನೇ ಓದುತ್ತಾರೆ.

ಹಿತ್ತಿಲು ಮಾತ್ರ ನನ್ನ ನೆನಪಿನಿಂದ ಹೋಗಿಲ್ಲ. ಹೊಟ್ಟಿನ ರಾಶಿ ಇತ್ತೆಂದು ಗೊತ್ತು, ಬಟರ್ ಪೇಪರ್ ಗೊತ್ತು, ಎಂಟು ದಿನ ಗೊತ್ತು. ಆದರೂ ಕಣ್ಣು ಮುಚ್ಚಿದರೆ ನಾನು ಬೇಲಿಯ ಎದುರು ಕೂತಿರುತ್ತೇನೆ, ಅವ್ವ ಒಳಗಿನಿಂದ ಕೂಗುತ್ತಿರುತ್ತಾಳೆ, ಬಳ್ಳಿ ನನ್ನ ಚಿತ್ರದಲ್ಲಿದ್ದಂತೆ ಬಲದಿಂದ ಎಡಕ್ಕೆ ಏರುತ್ತಿರುತ್ತದೆ.