ಆರ್ಡಿಸಳ ಮೂರನೆಯ ‘ಬೇಡ’

ನಮ್ಮ ನೋರ್ದಾಲ್ ಊರಿನಲ್ಲಿ ಯಾರ ಮನೆಗಾದರೂ ಹೋದಾಗ ‘ಕಾಫಿ ಕೊಡಲೇ?’ ಎಂದು ಕೇಳಿದರೆ, ಮೊದಲ ಸಲ ‘ಬೇಡ’ ಎನ್ನುವುದು ಮರ್ಯಾದೆ. ಎರಡನೆಯ ಸಲ ‘ಅಯ್ಯೋ, ನಿಮಗೇಕೆ ತೊಂದರೆ’ ಎನ್ನುವುದೂ ಮರ್ಯಾದೆಯೇ. ಮೂರನೆಯ ಸಲ ಕೇಳಿದಾಗ ‘ಹಾಗಿದ್ದರೆ ಅರ್ಧ ಬಟ್ಟಲು’ ಎಂದು ಒಪ್ಪಿಕೊಂಡು, ಎರಡು ಬಟ್ಟಲು ಕುಡಿದು ಏಳಬೇಕು. ಮೂರನೆಯ ಸಲವೂ ಬೇಡವೆಂದವರಿಗೆ ಮಾತ್ರ ನಿಜವಾಗಿ ಬೇಡವೆಂದು ಅರ್ಥ. ಅಂಥವರನ್ನು ನಾನು ಕಂಡದ್ದು ಕಡಿಮೆ. ನಾರ್ವೆಯಿಂದ ಬಂದ ಅಜ್ಜಂದಿರು ತಂದ ಈ ಪದ್ಧತಿ ಮಿನೆಸೋಟದ ಮಣ್ಣಿನಲ್ಲಿ ಗೋಧಿಗಿಂತ ಆಳವಾಗಿ ಬೇರು ಬಿಟ್ಟಿತು. ಆರ್ಡಿಸ್ ಕ್ವಾಮೆಯ ಮನೆಯ ತುಂಬ ಹುಂಜಗಳು ಸೇರಿಕೊಂಡದ್ದು ಈ ಮರ್ಯಾದೆಯ ದೆಸೆಯಿಂದಲೇ.

ಆರ್ಡಿಸ್ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಅಡುಗೆಯವಳಾಗಿದ್ದಳು. ಚಳಿಗಾಲದ ಗುರುವಾರಗಳಲ್ಲಿ ಅವಳು ಖಾರದ ರಾಜ್ಮಾ ಸಾರಿನ ಪಕ್ಕದಲ್ಲಿ ದಾಲ್ಚಿನ್ನಿಯ ಸಿಹಿ ಸುರುಳಿಯೊಂದನ್ನು ಇಡುತ್ತಿದ್ದಳು. ಅದನ್ನು ಸಾರಿನಲ್ಲಿ ಅದ್ದಿ ತಿಂದ ಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಆ ರುಚಿಯನ್ನು ಯಾರೂ ಮರೆತಿಲ್ಲ. ತಟ್ಟೆಯಲ್ಲಿ ಬಿಟ್ಟವರನ್ನು ಆರ್ಡಿಸ್ ಬಿಡುತ್ತಿರಲಿಲ್ಲ. “ತಿನ್ನೋ, ಖಾಲಿ ಹೊಟ್ಟೇಲಿ ಭಿನ್ನರಾಶಿ ನಿಲ್ಲಲ್ಲ,” ಎಂದು ಸೌಟು ಆಡಿಸುವಳು. ದೊಡ್ಡ ಕೈ, ಸಣ್ಣ ದನಿ. ಯಾರ ಮನಸ್ಸನ್ನೂ ನೋಯಿಸಿದವಳಲ್ಲ.

ಅವಳು ಪಾಲ್ಮರ್‌ನನ್ನು ಮದುವೆಯಾಗಿ ಊರಿಗೆ ಬಂದ ವರ್ಷವೇ ಹುಂಜಗಳ ಕಥೆ ಶುರುವಾಯಿತು. ಸುಗ್ಗಿಯ ನಂತರ ಚರ್ಚಿನಲ್ಲಿ ಹರಾಜು ನಡೆಯುತ್ತದೆ. ಪಕ್ಕದ ಮನೆಯ ಲವೋನಳ ತಾಯಿ ಹಿಲ್ಮ ತಾನೇ ಮಾಡಿದ ಮಣ್ಣಿನ ಹೂಜಿಯೊಂದನ್ನು ಅಲ್ಲಿಗೆ ಕೊಟ್ಟಿದ್ದಳು. ಅದು ಹುಂಜದ ಆಕಾರದ ಹೂಜಿ. ಕೊಕ್ಕು ಸೊಟ್ಟ, ಒಂದು ಕಣ್ಣು ಸೂರು ನೋಡುತ್ತಿತ್ತು. ಹರಾಜು ಕೂಗುವವನು ಅದನ್ನು ಎತ್ತಿ ಹಿಡಿದು ಎಷ್ಟು ಕೂಗಿದರೂ ಯಾರೂ ಕೈ ಎತ್ತಲಿಲ್ಲ. ಹಿಲ್ಮಳ ಮುಖ ಬಾಡಿತು. ಅದನ್ನು ನೋಡಲಾರದೆ ಆರ್ಡಿಸ್ ಕೈ ಎತ್ತಿದಳು.

“ಹುಂಜ ಅಂದ್ರೆ ನಿಂಗೆ ಅಷ್ಟು ಇಷ್ಟಾನಾ?” ಎಂದು ಲವೋನ್ ಅವಳ ತೋಳು ಹಿಡಿದು ಕೇಳಿದಳು. ಹಿಲ್ಮ ಹಿಂದಿನ ಸಾಲಿನಲ್ಲೇ ಕುಳಿತಿದ್ದಳು. ಏನು ಹೇಳುವುದು? “ಹೂಂ,” ಎಂದಳು ಆರ್ಡಿಸ್.

ಆ ಕ್ರಿಸ್ಮಸ್ಸಿಗೆ ಲವೋನ್ ಹುಂಜದ ಚಿತ್ರವಿರುವ ತಟ್ಟೆಯನ್ನು ತಂದಳು. ಮರುವರ್ಷ ಪಾಲ್ಮರ್‌ನ ಸೋದರತ್ತೆ ಹುಂಜದ ಉಪ್ಪಿನ ಡಬ್ಬಿ ಕೊಟ್ಟಳು. ನಮ್ಮ ಊರಿನಲ್ಲಿ ಒಬ್ಬರಿಗೆ ಏನು ಇಷ್ಟವೆಂದು ಒಮ್ಮೆ ಗೊತ್ತಾದರೆ ಸಾಕು, ಉಡುಗೊರೆಯ ಯೋಚನೆ ಎಲ್ಲರಿಗೂ ಮುಗಿದ ಹಾಗೆಯೇ. ಹುಂಜದ ಪರದೆ ಬಂತು, ಟವೆಲ್ಲು ಬಂತು, ಗಂಟೆಗೊಮ್ಮೆ ಕೂಗುವ ಗಡಿಯಾರ ಬಂತು. ಮೆಕ್ಸಿಕೋ ಪ್ರವಾಸಕ್ಕೆ ಹೋದವರು ತಗಡಿನ ಹುಂಜ ತಂದರು. ಅವಳ ನಿವೃತ್ತಿಯ ದಿನ ಶಾಲೆಯವರೆಲ್ಲ ಸೇರಿ ಹುಂಜದ ಹೊಟ್ಟೆಯಲ್ಲಿ ಬಲ್ಬು ಉರಿಯುವ ದೀಪ ಕೊಟ್ಟೆವು. ಪ್ರತಿ ಸಲವೂ ಆರ್ಡಿಸ್ “ಅಯ್ಯೋ, ಬೇಡ,” “ಯಾಕೆ ಇದೆಲ್ಲ,” ಎನ್ನುವಳು. ಎಂಥ ಸಂಕೋಚದ ಹೆಂಗಸು ಎಂದು ನಾವೆಲ್ಲ ಮೆಚ್ಚುತ್ತಿದ್ದೆವು.

ನಲವತ್ತು ವರ್ಷ ಹೀಗೆ ಕಳೆಯಿತು. ಪಾಲ್ಮರ್ ತೀರಿಕೊಂಡ. ಶನಿವಾರ ಬಂದರೆ ಆರ್ಡಿಸ್ ಏಣಿ ಹತ್ತಿ ಒಂದೊಂದೇ ಹುಂಜದ ಧೂಳು ಒರೆಸುವುದನ್ನು ಕಿಟಕಿಯಿಂದ ಕಾಣುತ್ತಿದ್ದೆವು.

ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ನಾವು ಕೊಟ್ಟ ಆ ಹುಂಜದ ದೀಪದ ಹಳೆಯ ತಂತಿಯಿಂದಲೇ ಬೆಂಕಿ ಹತ್ತಿತು. ಆರ್ಡಿಸ್ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಹೊಗೆ ಕಂಡವಳೇ ಹಿಟ್ಟಿನ ಬೋಗುಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಲವೋನಳ ಮನೆಗೆ ಓಡಿ ಫೋನು ಮಾಡಿದಳು. ನಮ್ಮ ಅಗ್ನಿಶಾಮಕ ದಳವೆಂದರೆ ಊರಿನವರೇ. ಅದರ ಮುಖ್ಯಸ್ಥ ಓರಿನ್ ಸ್ಕಾರ್ ಬೇರೆ ಹೊತ್ತಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಅವನೂ ಆರ್ಡಿಸಳ ಸುರುಳಿ ತಿಂದು ಬೆಳೆದವನೇ. ಬೆಂಕಿ ಆರಿಸುವ ಬಂಡಿಯಿಂದ ಇಳಿದವನು ಒಮ್ಮೆ ಮನೆಯನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ.

“ಆರ್ಡಿಸ್, ಒಂದು ತೆಕ್ಕೆ ತರಬಹುದು. ಹುಂಜಗಳನ್ನ ತರ್ಲಾ?”

“ಬೇಡ ಓರಿನ್.”

“ಒಂದೇ ನಿಮಿಷದ ಕೆಲ್ಸ.”

“ಬೇಡಪ್ಪಾ, ನಿಂಗ್ಯಾಕೆ ತೊಂದ್ರೆ...”

ಮೂರನೆಯ ಮಾತು ಅವಳ ಬಾಯಿಂದ ಬರುವ ಮೊದಲೇ ಓರಿನ್ ಒಳಗಿದ್ದ. ಮರುಕ್ಷಣ ನಡುಮನೆಯ ಸೂರು ದಬಾರನೆ ಕುಸಿಯಿತು. ನಾವೆಲ್ಲ ಬೀದಿಯಲ್ಲಿ ನಿಂತಿದ್ದೆವು. ಓರಿನನ ಹೆಂಡತಿ ಡಾರ್ಲೀನ್ ಆರ್ಡಿಸಳ ಭುಜ ಹಿಡಿದುಕೊಂಡಳು. ಕೊನೆಗೆ ಪಕ್ಕದ ಬಾಗಿಲಿನಿಂದ ಓರಿನ್ ತೆವಳಿಕೊಂಡು ಬಂದ. ಹುಬ್ಬು ಸುಟ್ಟಿತ್ತು, ಎಡಗೈಯ ಚರ್ಮ ಸುಲಿದಿತ್ತು. ಎದೆಗೆ ಅವಚಿಕೊಂಡಿದ್ದ ಹಿಲ್ಮಳ ಸೊಟ್ಟ ಕೊಕ್ಕಿನ ಹೂಜಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಜನರೆಲ್ಲ ಚಪ್ಪಾಳೆ ತಟ್ಟಿದರು. ಆರ್ಡಿಸ್ ಬೋಗುಣಿಯ ಸಮೇತ ಹಿಮದ ಮೇಲೆ ಕುಸಿದು ಕುಳಿತು ಅತ್ತಳು. ‘ಪಾಪ, ಜೀವಮಾನದ ಹುಂಜಗಳು’ ಎಂದು ನಾವು ಕಣ್ಣೊರೆಸಿಕೊಂಡೆವು.

ಎರಡು ದಿನ ಬಿಟ್ಟು, ನನ್ನ ಹೆಂಡತಿ ಮಾಂಸ, ಆಲೂಗೆಡ್ಡೆ ಹಾಕಿ ಓವನ್ನಿನಲ್ಲಿ ಬೇಯಿಸಿದ ಹಾಟ್‌ಡಿಶ್ ಹಿಡಿದು ನಾನು ಲವೋನಳ ಮನೆಗೆ ಹೋದೆ. ಆರ್ಡಿಸ್ ಅಲ್ಲಿಯೇ ಮಹಡಿಯ ಕೋಣೆಯಲ್ಲಿದ್ದಳು. ಕಣ್ಣು ಊದಿರಬಹುದೆಂದುಕೊಂಡಿದ್ದೆ. ನಿದ್ದೆ ಮಾಡಿ ಎದ್ದ ಮಗುವಿನ ಹಾಗೆ ಕುಳಿತಿದ್ದಳು.

“ಮೇಷ್ಟ್ರೇ, ಯಾರಿಗೂ ಹೇಳಬೇಡಿ. ಇವತ್ತು ಬಿಸಿಲು ಮುಖಕ್ಕೆ ಬಡಿಯೋವರೆಗೂ ಮಲಗಿದ್ದೆ. ಹುಂಜ ಕೂಗದೇ ಇದ್ರೂ ಬೆಳಗಾಗತ್ತೆ ನೋಡಿ.” ನಕ್ಕಳು, ನಕ್ಕದ್ದಕ್ಕೆ ನಾಚಿದಳು. “ಪಾಲ್ಮರ್ ಫೋಟೋ ಎಲ್ಲಾ ಹೋಯ್ತು, ಅದಕ್ಕೆ ಅತ್ತೆ. ಆದ್ರೆ ಆ ಹುಂಜಗಳು... ಬೆನ್ನ ಮೇಲೆ ಕೂತಿದ್ದವರು ಯಾರೋ ಇಳಿದು ಹೋದ ಹಾಗಿದೆ.”

ಆಗ ಎಲ್ಲವನ್ನೂ ಹೇಳಿದಳು. ಹುಡುಗಿಯಾಗಿದ್ದಾಗ ಮೊಟ್ಟೆ ತರಲು ಹೋದಳಂತೆ. ಅವಳ ತಂದೆಯ ಹುಂಜ ಹಾರಿ ಬಂದು ಮಂಡಿಯ ಹಿಂದೆ ಕುಕ್ಕಿತಂತೆ. ಅಂದಿನಿಂದ ಹುಂಜವೆಂದರೆ ಅವಳಿಗೆ ನಡುಕ. ಅದು ಪಾಲ್ಮರ್‌ಗೊಬ್ಬನಿಗೇ ಗೊತ್ತಿತ್ತು. ‘ಹೇಳಿಬಿಡೇ’ ಎಂದು ಅವನೆಂದರೆ, ‘ಹಿಲ್ಮಮ್ಮ ಇರೋವರೆಗೂ ಆಗಲ್ಲ’ ಎನ್ನುವಳು. ಹಿಲ್ಮ ಹೋದಳು. ಅಷ್ಟರಲ್ಲಿ ಇಡೀ ಊರೇ ಹಿಲ್ಮಳಾಗಿತ್ತು.

ಅವಳು ಹೀಗೆನ್ನುತ್ತಿರುವಾಗ ಕೆಳಗಿನಿಂದ ಲವೋನಳ ಫೋನಿನ ದನಿ ಕೇಳಿಸಿತು. “ಹೂಂ ಕಣೇ, ಹುಂಜಾನೇ. ಮರದ್ದು, ಗಾಜಿನದ್ದು, ಯಾವುದಾದ್ರೂ ಆಗತ್ತೆ. ಪಕ್ಕದ ಊರಿನವರಿಗೂ ಹೇಳು. ಹೊಸ ಮನೆ ಖಾಲಿ ಇರಬಾರದು!”

ಆರ್ಡಿಸಳ ಮುಖ ಬಿಳುಪೇರಿತು. “ಅವಳಿಗೆ ಎರಡು ಸಲ ಬೇಡ ಅಂದೆ ಮೇಷ್ಟ್ರೇ. ‘ಸುಮ್ನಿರೇ, ನಿನ್ನ ಸಂಕೋಚ ನಂಗೊತ್ತಿಲ್ವಾ’ ಅಂದ್ಲು.”

“ಮೂರನೇ ಸಲ ಅನ್ನು.”

“ಅವರಮ್ಮನ್ನೇ ಬೈದ ಹಾಗಾಗಲ್ವಾ?”

ಏಪ್ರಿಲಿನ ಒಂದು ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಅವಳ ಸಲುವಾಗಿ ಊಟ ಏರ್ಪಾಡಾಯಿತು. ಆಲೂಗೆಡ್ಡೆಯ ತೆಳು ರೊಟ್ಟಿ ಲೆಫ್ಸೆ, ಬೆಣ್ಣೆ, ಮೂರು ಬಗೆಯ ಹಾಟ್‌ಡಿಶ್. ಗೋಡೆಯ ಬದಿಯ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಊಟ ಮುಗಿಯುವ ಹೊತ್ತಿಗೆ ಲವೋನ್ ಎದ್ದು ಬಟ್ಟೆ ಸರಿಸಿದಳು. ಹುಂಜಗಳ ಹಿಂಡು! ಎಲ್ಲಕ್ಕೂ ಮುಂದೆ, ತೊಳೆದು ಒರೆಸಿದ ಹಿಲ್ಮಳ ಹೂಜಿ.

“ಇದು ಬರೀ ಶುರು ಕಣೇ ಆರ್ಡಿಸ್. ಇನ್ನೂ ಬರ್ತಾ ಇದೆ!”

“ಬೇಡ ಲವೋನ್,” ಎಂದಳು ಆರ್ಡಿಸ್.

ಎಲ್ಲರೂ ಪ್ರೀತಿಯಿಂದ ನಕ್ಕರು.

“ನಿಜವಾಗ್ಲೂ, ಇದೆಲ್ಲ ಬೇಡ.”

“ಶುರುವಾಯ್ತು ಇವಳದ್ದು!” ಎಂದು ಯಾರೋ ಕೂಗಿದರು. “ಕಾಫಿ ಸುರೀರಿ, ಅಷ್ಟರಲ್ಲಿ ಒಪ್ಕೋತಾಳೆ.”

ಆರ್ಡಿಸ್ ತಲೆ ತಗ್ಗಿಸಿದಳು. ಎದುರಿಗೆ ಕುಳಿತಿದ್ದ ಓರಿನನ ಎಡಗೈಗೆ ಇನ್ನೂ ಬಟ್ಟೆ ಸುತ್ತಿತ್ತು. ಲೆಫ್ಸೆಗೆ ಒಂದೇ ಕೈಯಿಂದ ಬೆಣ್ಣೆ ಸವರಲು ಹೆಣಗುತ್ತಿದ್ದ; ರೊಟ್ಟಿ ತಟ್ಟೆಯ ಸುತ್ತ ಜಾರುತ್ತಿತ್ತು. ಆರ್ಡಿಸ್ ಅದನ್ನೇ ನೋಡಿದಳು. ಆಮೇಲೆ ಎದ್ದು ನಿಂತಳು.

“ಬೇಡ,” ಎಂದಳು.

ಚಮಚಗಳ ಸದ್ದು ನಿಂತಿತು. 

“ನಾನು ಮೂರನೇ ಸಲ ಹೇಳೋಕೆ ಮುಂಚೆ ಓರಿನ್ ಬೆಂಕಿಯೊಳಗೆ ಹೋದ. ಅವನ ತಪ್ಪಲ್ಲ, ನಾವಿರೋದೇ ಹಾಗೆ. ಅವನು ಹೊರಗೆ ಬರದೇ ಹೋಗಿದ್ರೆ ಡಾರ್ಲೀನ್‌ಗೆ ನಾನು ಏನು ಹೇಳ್ತಿದ್ದೆ? ಒಂದು ಮಣ್ಣಿನ ಕೋಳಿಗೋಸ್ಕರ ಅಂತಲಾ? ಅದೂ ನಂಗೆ ಇಷ್ಟ ಇಲ್ಲದ ಕೋಳಿಗೆ?”

“ಇಷ್ಟ ಇಲ್ವಾ?” ಲವೋನ್ ಮೇಜಿನ ಮೇಲಿನ ಹುಂಜಗಳತ್ತ ತಿರುಗಿದಳು. “ಇಷ್ಟು ವರ್ಷ?”

“ನಂಗೆ ಹುಂಜ ಅಂದ್ರೆ ಭಯ ಕಣೇ. ಮಂಡಿ ಹಿಂದೆ ಗಾಯದ ಗುರುತಿದೆ. ಪಾದ್ರಿಗಳು ಕೂತಿದ್ದಾರೆ, ಇಲ್ದಿದ್ರೆ ತೋರಿಸ್ತಿದ್ದೆ.”

“ಮತ್ತೆ ನಮ್ಮಮ್ಮನ ಹೂಜಿ?”

“ನಿಮ್ಮಮ್ಮನ ಮುಖ ಬಾಡಿತ್ತು. ಕೈ ಎತ್ತಿದ್ದು ಅದಕ್ಕೆ. ಹೂಜಿಗಲ್ಲ.”

ಲವೋನ್ ಕುರ್ಚಿಗೆ ಕುಸಿದು ಕರವಸ್ತ್ರದಿಂದ ಮುಖ ಮುಚ್ಚಿಕೊಂಡಳು. ಭುಜಗಳು ಅಲುಗುತ್ತಿದ್ದವು. ಆರ್ಡಿಸ್ ಹೆದರಿ ಅವಳ ಬಳಿಗೆ ಓಡಿದಳು. ಕರವಸ್ತ್ರ ತೆಗೆದಾಗ ಕಂಡದ್ದು ನಗು.

“ಮಾರಾಯ್ತಿ! ನಿನ್ನ ಹತ್ರ ಇಲ್ಲದ ಹುಂಜ ಹುಡುಕ್ಕೊಂಡು ಪ್ರತಿ ಕ್ರಿಸ್ಮಸ್‌ಗೂ ಫಾರ್ಗೋ ಪೇಟೆವರೆಗೆ ಹೋಗ್ತಿದ್ನಲ್ಲೇ! ನಮ್ಮೆಜಮಾನ್ರು ಕಾರಲ್ಲಿ ಕೂತು ಹಲ್ಲು ಕಡೀತಿದ್ರು. ಅಮ್ಮ ಆ ಹೂಜೀನ ಕಸಕ್ಕೆ ಹಾಕೋಕೆ ಹೊರಟಿದ್ಲು. ಇರಲಿ ಬಿಡಮ್ಮಾ, ಯಾರಾದ್ರೂ ತಗೋತಾರೆ ಅಂತ ಹರಾಜಿಗೆ ಇಡಿಸಿದ್ದೇ ನಾನು!”

“ದೇವರು ದೊಡ್ಡವನು,” ಎಂದಳು ಡಾರ್ಲೀನ್. “ಈ ಸಲ ಎಲ್ಲೂ ಹುಂಜ ಸಿಗದೆ ನಾನು ಮರದ ಬಾತುಕೋಳಿಗೆ ಜುಟ್ಟು ಅಂಟಿಸಿದೀನಿ.”

ಅಷ್ಟಾದ ಮೇಲೆ ನೆಲಮಾಳಿಗೆಯಲ್ಲಿ ಎದ್ದ ನಗುವಿಗೆ ಮೇಲಿನ ಗಂಟೆಯೂ ಅಲುಗಿರಬೇಕು. ಹೋಗುವಾಗ ಒಬ್ಬೊಬ್ಬರೂ ತಮ್ಮ ತಮ್ಮ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು, ಭಾರ ಇಳಿದವರ ಹಾಗೆ ಹೊರಟರು. ಹಿಲ್ಮಳ ಹೂಜಿ ಮಾತ್ರ ಉಳಿಯಿತು.

“ನೀನೇ ಇಟ್ಕೋ ಲವೋನ್,” ಎಂದಳು ಆರ್ಡಿಸ್.

“ಬೇಡ, ಬೇಡ, ಬೇಡ. ಮೂರೂ ಒಟ್ಟಿಗೇ ಹೇಳ್ಬಿಟ್ಟೆ, ಲೆಕ್ಕ ಇಟ್ಕೋ.”

ಆರ್ಡಿಸ್ ಓರಿನನ ಕಡೆಗೆ ತಿರುಗಿದಳು.

“ಬೇಡ ಆರ್ಡಿಸ್,” ಎಂದ ಓರಿನ್. ತುಸು ತಡೆದು, “ಅಯ್ಯೋ, ಯಾಕೆ ಅದೆಲ್ಲ,” ಎಂದ. ಉಳಿದಿದ್ದವರೆಲ್ಲ ಮೂರನೆಯದಕ್ಕೆ ಕಿವಿಗೊಟ್ಟು ನಿಂತರು. ಅವನ ಕಿವಿ ಕೆಂಪಾಯಿತು. “ನಮ್ಮ ಬೆಂಕಿ ಬಂಡಿ ನಿಲ್ಲಿಸೋ ಶೆಡ್ಡಲ್ಲಿ ಕಾಫಿ ಚಮಚ ಇಡೋಕೆ ಏನಾದ್ರೂ ಬೇಕಾಗಿತ್ತು.” ಈಗಲೂ ಅದು ಅಲ್ಲಿಯೇ ಸೂರು ನೋಡುತ್ತಾ ಕುಳಿತಿದೆ.

ಸೆಪ್ಟೆಂಬರಿನಲ್ಲಿ ಆರ್ಡಿಸ್ ಹೊಸ ಮನೆಗೆ ಹೋದಳು. ನಾನು ನೋಡಲು ಹೋದಾಗ ಗೋಡೆಗಳು ಬರಿದಾಗಿದ್ದವು, ಬೆಳಕು ತುಂಬಿತ್ತು. ಕಿಟಕಿಯ ಬಳಿ ಒಂದೇ ಒಂದು ಫೋಟೋ. ಟ್ರ್ಯಾಕ್ಟರಿನ ಮೇಲೆ ಕುಳಿತು ಬಿಸಿಲಿಗೆ ಕಣ್ಣು ಕಿರಿದುಮಾಡಿದ ಪಾಲ್ಮರ್. ಲವೋನ್ ತನ್ನ ಆಲ್ಬಮ್ಮಿನಿಂದ ಹುಡುಕಿ ಕೊಟ್ಟಿದ್ದಳಂತೆ.

“ಕಾಫಿ ಬೇಕಾ ಮೇಷ್ಟ್ರೇ?”

“ಬೇಡ,” ಎಂದೆ ರೂಢಿಯಂತೆ.

“ಸರಿ,” ಎಂದು ಆರ್ಡಿಸ್ ಬಟ್ಟಲನ್ನು ಮತ್ತೆ ಕೊಕ್ಕೆಗೆ ನೇತುಹಾಕಿದಳು. ನಾನು ಗಾಬರಿಯಿಂದ “ಬೇಕು, ಬೇಕು!” ಎಂದೆ. ಅವಳು ಬೆನ್ನು ತಿರುಗಿಸಿಕೊಂಡೇ ನಗುತ್ತಿದ್ದಳು. ಆ ದೊಡ್ಡ ಕೈ ಆಗಲೇ ಕೆಟಲಿನ ಮೇಲಿತ್ತು.