ಹಂಪವ್ವ ಬಸ್ ಹತ್ತಿರಲಿಲ್ಲ

ರೇಣುಕಾ, ಹದಿನಾಲ್ಕು ವರ್ಷದ ಹಿಂದೆ, ಹಡಗಲಿಯ ಮಲ್ಲಿಗೆ ತೋಟದಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ, ನಾನು ಕ್ಯಾಮೆರಾದ ಎಡಕ್ಕೆ ನಾಲ್ಕು ಹೆಜ್ಜೆ ದೂರ ನಿಂತಿದ್ದೆ. ಅಲ್ಲಿಂದ ಬಂದು, ಬಗ್ಗಿ, ನಿನ್ನ ಕಿವಿಯಲ್ಲಿ ಒಂದು ಸುಳ್ಳು ಹೇಳಿದೆ. ಯಾರೂ ನನ್ನಿಂದ ಹೇಳಿಸಲಿಲ್ಲ.

ನಿನಗಾಗ ಎಂಟು ವರ್ಷ. ಹೊಸಹಳ್ಳಿಯಲ್ಲಿ ಎರಡು ವರ್ಷ ನನ್ನ ಬಳಿ ಬಯಲಾಟ ಕಲಿತಿದ್ದೆ. ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಕಣ್ಣೀರು ಬರಕೂಡದು, ಬಣ್ಣ ಇಳಿಯುತ್ತದೆ, ಅಳುವೆಲ್ಲ ದನಿಯಲ್ಲೇ ಇರಬೇಕು — ಹಾಗೆಂದು ತಿದ್ದಿದವನು ನಾನೇ. ಸಿನಿಮಾದವರಿಗೆ ಬೇಕಾದದ್ದು ದನಿಯಿಲ್ಲದ ಕಣ್ಣೀರು. ಆ ಶಾಟನ್ನು ಆರು ಸಲ ತೆಗೆದರು. ಆರೂ ಸಲ ನೀನು ಗೋಳಿಟ್ಟೆ, ಕಣ್ಣು ಒಣಗಿಯೇ ಇತ್ತು.

"ಮಾಸ್ತರ, ಈ ಕೂಗು ಕೂಡ್ಲಿಗಿ ಮಟ ಕೇಳಿರ್ತೈತಿ ನೋಡ್ರಿ," ಎಂದು ಲೈಟಿನವನು ನಕ್ಕ. ಬೇರೆ ಹುಡುಗಿಯನ್ನು ಕರೆಸುವ ಮಾತು ಶುರುವಾಯಿತು. ನಿನ್ನ ಪಾತ್ರ ಹೋಗುತ್ತದೆಂದು ಹೆದರಿದೆನೋ, ನನ್ನ ಕಲಿಸುವಿಕೆಗೆ ನಗುತ್ತಾರೆಂದೋ — ಎರಡನೆಯದೇ ಇರಬೇಕು.

ನಿಮ್ಮವ್ವನನ್ನು ಹೂ ಅಳೆಯುವ ಗುಡಿಸಿಲ ಹಿಂದೆ ನಿಲ್ಲಿಸಿದೆ.

"ಯಾಕ್ರಿ ಮಾಸ್ತರ?"

"ನೀ ಕಂಡ್ರ ಅಕಿಗೆ ಸಲಿಗಿ. ಕರೆಯೋತನಕ ಬರಬ್ಯಾಡ."

ಆಮೇಲೆ ನಿನಗೆ ಹೇಳಿದೆ: "ನಿಮ್ಮವ್ವ ನಿನ್ನ ಇವರಿಗೆ ಕೊಟ್ಟು ಬಸ್ ಹತ್ತಿ ಹೋಗ್ಯಾಳ, ರೇಣೂ. ಇನ್ನ ಬರಂಗಿಲ್ಲ."

ನೀನು ಕೂಗಲಿಲ್ಲ. ರಸ್ತೆಯ ಕಡೆ ನೋಡಿದೆ, ಕಣ್ಣು ತುಂಬಿ ಹರಿಯಿತು, ಅಷ್ಟೆ. ಆ ನೋಟವೇ ನಿನ್ನನ್ನು ನಟಿಯಾಗಿಸಿತು. ಆಮೇಲೆ ಕೊಟ್ಟೂರಿನಲ್ಲಿ ನಿನ್ನ ಗುರುವೆಂದು ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ಅವತ್ತು ಆ ಶಾಟ್ ಮುಗಿದು ಅವ್ವ ಬಂದಾಗ ನೀನು "ಎಲ್ಲಿ ಹೋಗಿದ್ದಿ?" ಎಂದು ಕೇಳಿದೆ. "ಇಲ್ಲೇ ಇದ್ದೆನಲ್ಲ," ಎಂದಳು. ನೀನು ನನ್ನ ಮುಖ ನೋಡಿದೆ. ನಾನು ಬೇರೆ ಕಡೆ ನೋಡಿದೆ. ಇನ್ನೊಂದು ಶಾಟ್ ಬಾಕಿಯಿತ್ತು — ಸಂಜೆ ಹೇಳಿದರಾಯಿತು ಅಂದುಕೊಂಡೆ. ಆ ಸಂಜೆ ಹೇಳಲಿಲ್ಲ, ಮರುದಿನವೂ —

ಹೋದ ವಾರ ನೀನು ನಮ್ಮ ಮನೆಗೆ ಬಂದು ಕೇಳಿದೆ: "ಆವತ್ತು ಬಸ್ ಹತ್ತಿದಾಕಿ ವಾಪಸ್ ಯಾಕ ಬಂದ್ಲು, ಮಾಸ್ತರ?" ಹಡಗಲಿಗೆ ಹೋದರೂ ಅವ್ವನ ಮನೆ ಬಿಟ್ಟು ಲಾಡ್ಜಿನಲ್ಲೇ ಇಳಿಯುತ್ತೀಯಂತೆ. ನಾನು ಚಹಾ ಆರುತ್ತದೆ ಕುಡಿ ಎಂದೆ. ಅಂದಿನಿಂದ ಈ ಕಾಗದಕ್ಕೆ ಕೂರುತ್ತೇನೆ, ಏಳುತ್ತೇನೆ.

ಅವಳು ಬಸ್ ಹತ್ತಿರಲಿಲ್ಲ. ನಿನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನಾನು ನಿಲ್ಲಿಸಿದ ಕಡೆಯೇ ನಿಂತಿದ್ದಳು. ನಾನು ಬಗ್ಗಿದ್ದನ್ನು ಕಂಡಳು. ನಾನಾಡಿದ ಮಾತು ಅವಳಿಗೆ ಇಂದಿಗೂ ಗೊತ್ತಿಲ್ಲ. ನೀನು ಯಾಕೆ ದೂರವಾದೆ ಎಂಬುದೂ.

ನನ್ನನ್ನು ನಂಬಬೇಡ, ಕೇಳಿ ನೋಡು. ಅವಳು ಅಲ್ಲೇ ನಿಂತಿದ್ದಳೆಂದು ಬಲ್ಲವರಲ್ಲಿ ನಾನಲ್ಲದೆ ಇನ್ನಿಬ್ಬರು ಬದುಕಿದ್ದಾರೆ: ಗುಡಿಸಿಲಲ್ಲಿ ಹೂ ಅಳೆಯುತ್ತಿದ್ದ ಹುಲಿಗೆಮ್ಮ, ಮತ್ತು ನಿಮ್ಮವ್ವ ಹಂಪವ್ವ.