ಅತ್ತೆಯ ಒಡಪಿನಲ್ಲಿ ಸಿಕ್ಕ ಕುಂಬಳಕಾಯಿ

ಕಳೆದ ತಿಂಗಳು ನನ್ನ ಕಂಪ್ಯೂಟರಿನಿಂದ ಒಂದು ಕುಂಬಳಕಾಯಿ ಹೊರಬಿತ್ತು.

ನಗಬೇಡಿ. ನಲವತ್ತು ವರ್ಷ ಯಾರ ಕಿವಿಗೂ ಸಿಗದೆ ಹರಿಹರದ ಒಂದು ಮನೆಯಲ್ಲಿ ಅಡಗಿದ್ದ ಕುಂಬಳಕಾಯಿ ಅದು. ಪತ್ತೆ ಮಾಡಿದ್ದು ನಾನಲ್ಲ. 'ಫೀಮೇಲ್ ವೋಕಲ್' ಎಂಬ ಹೆಸರಿನ ಒಂದು ಪ್ರೀಸೆಟ್.

ಮೊದಲಿನಿಂದ ಹೇಳುತ್ತೇನೆ. (ಈ ಕತೆಯ ಮೊದಲು ಎಲ್ಲಿದೆಯೆಂದು ನನಗೂ ಖಚಿತವಿಲ್ಲ. ಆದರೆ ಸಂಪಾದಕರಿಗೆ ಯಾವುದಕ್ಕೂ ಒಂದು ತಲೆ, ಒಂದು ಬಾಲ ಬೇಕು.)

ದಾವಣಗೆರೆಯಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ಅದೇ ವಾರ ಹರಿಹರದ ನೀಲಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ, ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಮದುವೆಗೆ ಬರುವಂತಿಲ್ಲ. ಅತ್ತೆ ಬರದಿದ್ದರೆ ಊಟಕ್ಕೆ ಕೊರತೆಯಿಲ್ಲ, ಒಡಪಿಗೆ ಕೊರತೆ. ನಮ್ಮ ಕಡೆಯ ಮದುವೆಗಳಲ್ಲಿ ಹೆಂಗಸರನ್ನು ಅಡ್ಡಗಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಎರಡು ಸಾಲಿನ ಪ್ರಾಸದೊಳಗೆ ಹೆಸರನ್ನು ಹುದುಗಿಸಿ, ಅದೇ ಒಡಪು. ಮಿಕ್ಕ ದಿನಗಳಲ್ಲಿ ಗಂಡನ ಹೆಸರು ಬಾಯಿಗೆ ಬರಕೂಡದು. ಅವತ್ತು ಬರದಿದ್ದರೆ ಬಿಡುವುದಿಲ್ಲ. ಈ ವಿದ್ಯೆಯಲ್ಲಿ ಅತ್ತೆಯನ್ನು ಮೀರಿಸುವವರು ಹರಿಹರದಿಂದ ಆನಗೋಡಿನವರೆಗೆ ಯಾರೂ ಇಲ್ಲ.

ಅತ್ತೆ ಬರದಿದ್ದರೇನು, ಅತ್ತೆಯ ದನಿ ಬರಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಕ್ಯಾಸೆಟ್ಟಿನಲ್ಲಿ.

"ಹೆಂಗೂ ಆ ಕಂಪ್ಯೂಟರ್ ಇಟ್ಕಂಡು ದಿನಾ ಕುಯ್ಯೋ ಅನಿಸ್ತಿರ್ತೀಯಲ್ಲ, ನೀನೇ ಮಾಡು" ಎಂದಳು ಅಮ್ಮ.

ಅವಳು ಕುಯ್ಯೋ ಎಂದದ್ದು ನನ್ನ ಸಂಗೀತವನ್ನು. ವಿದ್ಯಾನಗರದ ನಮ್ಮ ಮಹಡಿಯ ಕೋಣೆಯಲ್ಲಿ ಒಂದು ಪೆಂಟಿಯಮ್, ಒಂದು ಸೌಂಡ್ ಕಾರ್ಡ್, ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಸಾಫ್ಟ್‌ವೇರ್ ಸೀಡಿ ಇಷ್ಟಿವೆ. ಮಿಕ್ಸಿ ಮತ್ತು ಸಿಟಿ ಬಸ್ಸಿನ ಬ್ರೇಕು ಸೇರಿಸಿ ನಾನು ರಚಿಸಿದ ಕೃತಿಯನ್ನು ಕೇಳಿ ಪಕ್ಕದ ಮನೆಯವರು ಎಲೆಕ್ಟ್ರಿಷಿಯನ್ನನ್ನು ಕಳಿಸಿದ್ದರು. ವಿಮರ್ಶೆ ಎಂದರೆ ಹಾಗಿರಬೇಕು.

ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹರಿಹರಕ್ಕೆ ಹೋದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಒಂದಾದ ಮೇಲೊಂದು ಆರು ಒಡಪು ಹೇಳಿದಳು. ಪ್ರತಿ ಸಲವೂ ಹೆಸರಿನ ಹತ್ತಿರ ಬಂದಾಗ ಸೆರಗು ಬಾಯಿಗೆ ಬರುತ್ತಿತ್ತು, ದನಿ ಗಂಟಲೊಳಗೆ ಇಳಿಯುತ್ತಿತ್ತು. ಅದೇ ಅವಳ ಸ್ಟೈಲು. ಆ ನಾಚಿಕೆ ನೋಡಲೆಂದೇ ಜನ ಅವಳ ಬಾಯಿಂದ ಒಡಪು ಹೇಳಿಸುತ್ತಿದ್ದದ್ದು.

ಹೊರಡುವಾಗ ಮಾವ ನನ್ನನ್ನು ಬಾಗಿಲ ಆಚೆಗೆ ಎಳೆದುಕೊಂಡರು. ಚನ್ನಬಸಪ್ಪ ಮಾವ ಫ್ಯಾಕ್ಟರಿಯಿಂದ ರಿಟೈರಾದವರು. ಮೂವತ್ತು ವರ್ಷದ ಮಷಿನ್ ಸದ್ದು ಅವರ ಕಿವಿಗಳನ್ನು ಅಲ್ಲೇ ಉಳಿಸಿಕೊಂಡಿದೆ.

"ಭಾಳ ಸಣ್ಣಗೆ ಹೇಳ್ತಾಳಪ" ಎಂದರು. ತಾವು ಪಿಸುಗುಡುತ್ತಿದ್ದೇವೆ ಎಂದು ಅವರ ಭಾವನೆ. ಬೀದಿಗೆಲ್ಲ ಕೇಳುತ್ತಿತ್ತು. "ಎಲ್ರೂ ಕೇಳಿ ನಗ್ತಾರೆ. ನಾನೂ ನಗ್ತೀನಿ. ಆದ್ರೆ ನಂಗೆ ಒಂದ್ಸಲನೂ ಕೇಳ್ಸಿಲ್ಲ. ಲಗ್ನ ಆಗಿ ನಲ್ವತ್ತು ವರ್ಷಾತು, ನನ್ನ ಹೆಸರು ಅವಳ ಬಾಯಾಗ ಕೇಳಿಲ್ಲ ನಾನು. ಈ ಸಲನಾದ್ರೂ ನೆಟ್ಟಗೆ ಕೇಳ್ಸಂಗೆ ಮಾಡು."

"ಏನಂತ್ರೀ ಅಲ್ಲಿ?" ಒಳಗಿನಿಂದ ಅತ್ತೆಯ ಕೂಗು.

"ಬಸ್ಸಿನ ಟೈಮ್ ಹೇಳ್ತಿದ್ದೆ."

ಇಷ್ಟು ಸಣ್ಣ ಬೇಡಿಕೆ. ನನ್ನ ಹತ್ತಿರ ಇದ್ದದ್ದೂ ಅದಕ್ಕೇ ಹುಟ್ಟಿದ ಸಾಮಾನು. ಕಂಪ್ರೆಸರ್ ಎಂದರೆ ಫ್ರಿಜ್ಜಿನ ಹಿಂದೆ ಗುರ್ರೆನ್ನುವುದಲ್ಲ. ಗಟ್ಟಿ ದನಿಯನ್ನು ತುಳಿದು ಮೆಲು ದನಿಯನ್ನು ಮೇಲೆತ್ತಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತರುವ ಸಾಫ್ಟ್‌ವೇರು. (ದೇಶದಲ್ಲಿ ಸಮಾಜವಾದ ಬಂದದ್ದು ಇಲ್ಲಿ ಮಾತ್ರ.) ಈಕ್ವಲೈಸರ್ ದನಿಯ ಗಡಸು, ಚೂಪು ತಿದ್ದುತ್ತದೆ. ಇವುಗಳ ಹತ್ತಾರು ತಿರುಪು ತಿರುಗಿಸಲು ಬಾರದ ನನ್ನಂಥವರಿಗೆಂದೇ ಪ್ರೀಸೆಟ್ ಇದೆ. ಯಾರೋ ಎಲ್ಲೋ ಕೂತು ತಿರುಪುಗಳನ್ನೆಲ್ಲ ಮೊದಲೇ ತಿರುಗಿಸಿ ಹೆಸರಿಟ್ಟಿರುತ್ತಾನೆ. ರಾಕ್ ಡ್ರಮ್ಸ್. ರೇಡಿಯೋ ವಾಯ್ಸ್. ಫೀಮೇಲ್ ವೋಕಲ್. ಆ ಪುಣ್ಯಾತ್ಮನ ತಲೆಯಲ್ಲಿ ಯಾವ ಹೆಂಗಸಿದ್ದಳೋ. ಪ್ಲಾಸ್ಟರ್ ಹಾಕಿಕೊಂಡು ಒಡಪು ಹೇಳುವ ಅರವತ್ತರ ಹೆಂಗಸಂತೂ ಇದ್ದಿರಲಾರಳು.

ಅತ್ತೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಿ ಅದನ್ನೇ ಒತ್ತಿದೆ. ಕಂಪ್ಯೂಟರ್ ಯೋಚಿಸತೊಡಗಿತು. ನಾನು ಕೆಳಗೆ ಹೋಗಿ ಚಾ ಕುಡಿದು ಬಂದೆ.

ಹೆಡ್‌ಫೋನ್ ಹಾಕಿಕೊಂಡರೆ ಹರಿಹರದ ಮನೆಯೇ ತಲೆಯೊಳಗೆ ಎದ್ದು ನಿಂತಿತ್ತು. ಗೋಡೆ ಗಡಿಯಾರ, ಟೇಪಿನ ಸುಯ್ಯೆನ್ನುವ ಸದ್ದು, ಅತ್ತೆಯ ಬಳೆ, ನನ್ನದೇ ಉಸಿರು. ನಡುವೆ ಅತ್ತೆಯ ದನಿ, ಕಿವಿಗೆ ಬಾಯಿ ಹಚ್ಚಿ ಹೇಳಿದಷ್ಟು ಸ್ಪಷ್ಟ:

"ಹೊಳಿ ಆಚೆ ಹೊಲದಾಗ ಹೊನ್ನಿನಂಥ ಜ್ವಾಳ, ಕುಂಬಳಕಾಯಿ ಮನಿಗೆ ಬಂದ್ರೆ ಗದ್ದಲ ಭಾಳ."

ಮತ್ತೆ ಹಾಕಿದೆ. ಕುಂಬಳಕಾಯಿ. ಎರಡನೆಯ ಒಡಪಿನಲ್ಲಿ ಕುಂಬಳಕಾಯಿ. ಮೂರು, ನಾಲ್ಕು, ಐದು, ಎಲ್ಲ ಕುಂಬಳಕಾಯಿ. ಆರನೆಯದರಲ್ಲಿ ಹಾಗಲಕಾಯಿ.

ನಾನು ಕಂಗಾಲಾದದ್ದು ಕುಂಬಳಕಾಯಿಗಲ್ಲ. ಚಿಕ್ಕಂದಿನಿಂದ ಹತ್ತಾರು ಮದುವೆಗಳಲ್ಲಿ ಅತ್ತೆಯ ಬಾಯಿಂದ 'ಚನ್ನಬಸಪ್ಪ' ಎಂದು ನಾನು ಕೇಳಿದ್ದೇನೆ. ಆಣೆ ಮಾಡಬಲ್ಲೆ. ಹಾಗಾದರೆ ನಾನು ಕೇಳಿದ್ದು ಏನು? ಅಮ್ಮನನ್ನು ಕರೆದು ಪ್ರೀಸೆಟ್ ಇಲ್ಲದ ಮೂಲ ಟೇಪನ್ನು ಕೇಳಿಸಿದೆ.

"ಹೆಸರು ಕೇಳ್ತಾ?"

"ಕೇಳ್ದಿದ್ರೆ? ಚನ್ನಬಸಪ್ಪ ಅಂದ್ಲಲ್ಲ. ಕಿವಿ ತೋರಿಸ್ಕ ಹೋಗು."

ಮರುದಿನವೇ ಹರಿಹರಕ್ಕೆ ಹೋದೆ. ಮಾವ ಹಿತ್ತಲಲ್ಲಿದ್ದರು. ಹೆಡ್‌ಫೋನನ್ನು ಅತ್ತೆಯ ಕಿವಿಗಿಟ್ಟು ಟೇಪ್ ಹಾಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ಅವಳು. ಪೂರ್ತಿ ಕೇಳಿ, "ಚಲೋ ಬಂದೈತೆ" ಎಂದಳು.

"ಅತ್ತೀ, ಕುಂಬಳಕಾಯಿ?"

"ಹೂಂ. ಗಂಡನ ಹೆಸರು ಹೇಳಿದ್ರೆ ಆಯುಷ್ಯ ಕಮ್ಮಿ ಆಗ್ತದಂತೆ. ನಮ್ಮವ್ವ ಹೇಳಿ ಕಳ್ಸಿದ್ಲು. ಇಲ್ಲಿ ನೋಡಿದ್ರೆ ಬಂದೋರೆಲ್ಲ ಹೇಳು ಹೇಳು ಅಂತಾರೆ. ಸೆರಗು ಅಡ್ಡ ಹಿಡಿದು ಏನಾರ ಅಂದ್ರಾತು. ಇವತ್ತಿನತನಕ ಒಬ್ರಿಗೂ ಗೊತ್ತಾಗಿಲ್ಲ. ಅವರು ನೋಡು, ಗುಂಡುಕಲ್ಲು ಇದ್ದಂಗೆ ಅದಾರೆ."

"ಮತ್ತೆ ಹಾಗಲಕಾಯಿ?"

"ಅವತ್ತು ಬೆಳಿಗ್ಗೆ ಜಗಳಾಡಿದ್ರು."

ಮಾವನ ಬೇಡಿಕೆಯನ್ನು ಹೇಳಿದೆ. ನಲವತ್ತು ವರ್ಷದಿಂದ ಕಾಯುತ್ತಿದ್ದಾರಂತೆ ಎಂದೆ. ಅತ್ತೆ ಸ್ವಲ್ಪ ಹೊತ್ತು ಪ್ಲಾಸ್ಟರಿನ ಅಂಚು ಕೆರೆದಳು.

"ಪಾಪ" ಎಂದಳು. "ಆದ್ರೆ ನಾನಂತೂ ಹೇಳಾಕಿಲ್ಲಪ. ಇಷ್ಟು ವರ್ಷ ಕಾಪಾಡ್ಕಂಡು ಬಂದು ಈಗ್ಯಾಕ ಹೇಳ್ಲಿ?" ನಂತರ ನನ್ನ ಟೇಪ್ ರೆಕಾರ್ಡರನ್ನು ನೋಡಿದಳು. "ಅದ್ರಾಗಿಂದು ಕಿತ್ತು ಬ್ಯಾರೇದು ಕೂಡ್ಸಾಕೆ ಬರ್ತದೇನು?"

"ಬರ್ತದೆ."

"ಹಂಗಾದ್ರೆ ಕುಂಬಳಕಾಯಿ ಕಿತ್ತು ಅವರ ದನೀನೇ ಹಾಕು. ತಮ್ಮ ಹೆಸರು ತಾವು ಹೇಳ್ಕಂಡ್ರೆ ಆಯುಷ್ಯ ಏನೂ ಹೋಗಲ್ಲ." ಹಿತ್ತಲಿಗೆ ಕೇಳುವಂತೆ ಕೂಗಿದಳು: "ರೀ, ಬರ್ರಿ ಇಲ್ಲಿ. ಮೈಕ್ ಟೆಸ್ಟ್ ಮಾಡ್ಬೇಕಂತೆ, ನಿಮ್ಮ ಹೆಸರು ಹೇಳ್ರಿ."

ಮಾವ ಬಂದು ಫ್ಯಾಕ್ಟರಿ ಗೇಟಿನಲ್ಲಿ ನಿಂತವರಂತೆ ನಿಂತರು. "ಚನ್ನಬಸಪ್ಪ, ಟೋಕನ್ ನಂಬರ್ ಮುನ್ನೂರಾ ಹನ್ನೆರಡು."

ಮುಂದಿನದು ಕಟುಕನ ಕೆಲಸ. ಐದು ಕುಂಬಳಕಾಯಿ, ಒಂದು ಹಾಗಲಕಾಯಿ ಕತ್ತರಿಸಿದೆ. ಆರು ಕಡೆ ಮಾವನನ್ನು ಅಂಟಿಸಿದೆ. ಹೆಂಗಸಿನ ದನಿಯ ನಡುವೆ ಗೇಟಿನ ದನಿ ಎದ್ದು ಕಾಣುತ್ತಿತ್ತು. ಏನು ಮಾಡುವುದು? ಮಾವನಿಗೂ 'ಫೀಮೇಲ್ ವೋಕಲ್' ಹಾಕಿದೆ. ಅವರ ಗಡಸು ಹೋಗಿ ನೆಗಡಿಯಾದ ನಾದಿನಿಯ ಹಾಗೆ ಕೇಳಿಸತೊಡಗಿತು. ಸಾಕು ಎನಿಸಿತು. ಕಲೆಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಬೇಕು. (ಕತ್ತರಿಸುವಾಗ ಟೋಕನ್ನಿನ ತಲೆ ಒಂದು ಕಡೆ ಉಳಿದುಹೋಗಿದ್ದು ಆಮೇಲೆ ತಿಳಿಯಿತು.)

ಮದುವೆಯ ಛತ್ರದಲ್ಲಿ ಮೈಕ್‌ಸೆಟ್ಟಿನವನು ಕ್ಯಾಸೆಟ್ ಹಾಕಿದ. ಬೀಗರ ಕಡೆಯವರು ತಟ್ಟೆಯ ಮಂಡಕ್ಕಿಯಲ್ಲೇ ಕೈ ನಿಲ್ಲಿಸಿದರು. ಮಾವ ಮುಂದಿನ ಸಾಲಿನಲ್ಲಿ, ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು ಕೂತಿದ್ದರು.

"ಹೊಳಿ ಆಚೆ ಹೊಲದಾಗ ಹೊನ್ನಿನಂಥ ಜ್ವಾಳ, ಚನ್ನಬಸಪ್ಪ ಟೋ ಮನಿಗೆ ಬಂದ್ರೆ ಗದ್ದಲ ಭಾಳ."

ಇಡೀ ಛತ್ರ ಸ್ಪೀಕರಿನತ್ತ ತಿರುಗಿತು. ಆಮೇಲೆ ನಗುವೋ ನಗು. "ನೀಲಮ್ಮನ ದನಿ ಯಾಕ ಹಂಗಾಗೇತೆ?" ಎಂದಳು ಒಬ್ಬ ಅಜ್ಜಿ. "ಕಾಲು ಮುರ್ದೈತಲ್ಲ ಪಾಪ" ಎಂದಳು ಇನ್ನೊಬ್ಬಳು.

ಮಾವ ನಗಲಿಲ್ಲ. ಮೊದಲ ಸಲ ಅವರು ಎಲ್ಲರ ಜೊತೆ ನಗುವುದನ್ನು ಮರೆತಿದ್ದರು. ನನ್ನ ರಟ್ಟೆ ಹಿಡಿದುಕೊಂಡರು.

"ಕೇಳ್ದ್ಯಾ? ಈಗ ಬಾಯಿ ಬಿಟ್ಟು ಅಂದ್ಲು ನೋಡು. ಏನು ಕ್ಲಿಯರ್ ಐತೆ ದನಿ. ನಾನು ಸುಮ್ನೆ ನನ್ನ ಕಿವೀನ ಬೈತಿದ್ದೆ."

ಕ್ಯಾಸೆಟ್ಟನ್ನು ಅವರೇ ಹರಿಹರಕ್ಕೆ ಒಯ್ದರು. ಮೊನ್ನೆ ಅತ್ತೆ ಪಕ್ಕದ ಮನೆಯಿಂದ ಫೋನ್ ಮಾಡಿದ್ದಳು. ಮಾವ ದಿನಕ್ಕೆ ನಾಲ್ಕು ಸಲ ಟೇಪ್ ಹಾಕಿಕೊಂಡು ಕೂರುತ್ತಾರಂತೆ. ಮಧ್ಯೆ ಅವಳು ನಿಜವಾಗಿ ಏನಾದರೂ ಮಾತಾಡಿದರೆ, "ಸುಮ್ನಿರೇ, ಕೇಳ್ಸಂಗಿಲ್ಲ" ಎನ್ನುತ್ತಾರಂತೆ.

(ಮಾವ ಬೇರೆ ಪತ್ರಿಕೆ ತರಿಸುತ್ತಾರೆ. ಹರಿಹರದ ಓದುಗರು ದಯವಿಟ್ಟು ಈ ಪುಟವನ್ನು ಮಡಿಚಿಡಿ.)

ಹೆಂಡತಿಯ ಬಾಯಲ್ಲಿ ತನ್ನದೇ ದನಿ ಕೇಳಿ ಹಿಗ್ಗುವುದಕ್ಕೆ ಗಂಡಸಿಗೆ ನಿಜಕ್ಕೂ ಕಂಪ್ಯೂಟರ್ ಬೇಕಿತ್ತೆ?